ಬಾಕ್ಸ್ ಒಳಗೆ ನಮ್ಮವರು ಯಾರು? ಫುಟ್ಬಾಲ್ ಫೆಡರೇಷನ್‌ಗೆ ಒಂದು ಬಹಿರಂಗ ಪತ್ರ

ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ತಾಂತ್ರಿಕ ಸಮಿತಿಯ ಅಧ್ಯಕ್ಷರು ಮತ್ತು ಸದಸ್ಯರಿಗೆ, ಪುರುಷರ ತಂಡದ ಮುಖ್ಯ ಕೋಚ್ ಖಾಲಿದ್ ಜಮೀಲ್ ಅವರಿಗೆ,

ಮಾನ್ಯರೇ,

ನಮಸ್ಕಾರ. 2025ರ ನವೆಂಬರ್ 18ರಂದು ಢಾಕಾದಲ್ಲಿ ನಾವು ಬಾಂಗ್ಲಾದೇಶಕ್ಕೆ 0-1ರಿಂದ ಸೋತೆವು. 22 ವರ್ಷಗಳ ನಂತರ ಅವರು ನಮ್ಮನ್ನು ಸೋಲಿಸಿದ್ದು ಅಂತ ಎಲ್ಲರೂ ಮಾತಾಡಿಕೊಂಡರು. ನನಗೆ ಅದಕ್ಕಿಂತ ಜಾಸ್ತಿ ಬೇಸರ ತಂದದ್ದು ಇನ್ನೊಂದು ಲೆಕ್ಕ. 2027ರ ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ಅದು ನಮ್ಮ ಐದನೇ ಪಂದ್ಯ. ಗುಂಪಿನಲ್ಲಿ ಇದ್ದವರು ಹಾಂಗ್‌ಕಾಂಗ್, ಸಿಂಗಪುರ ಮತ್ತು ಬಾಂಗ್ಲಾದೇಶ. ಜಪಾನ್ ಇರಲಿಲ್ಲ, ಇರಾನ್ ಇರಲಿಲ್ಲ. ಈ ಐದು ಪಂದ್ಯಗಳಲ್ಲಿ ನಾವು ಹೊಡೆದದ್ದು ಎರಡೇ ಗೋಲು.

ಆ ಎರಡು ಗೋಲುಗಳನ್ನೇ ಬಿಡಿಸಿ ನೋಡಿ. ಒಂದು ಸಿಂಗಪುರದಲ್ಲಿ ಬಂತು. 90ನೇ ನಿಮಿಷದಲ್ಲಿ ಎದುರಾಳಿ ಡಿಫೆಂಡರ್ ಹಿಂದಕ್ಕೆ ಕೊಟ್ಟ ಪಾಸ್ ದಾರಿ ತಪ್ಪಿತು, ರಹೀಮ್ ಅಲಿ ಅದನ್ನು ಹಿಡಿದು ಗೋಲು ಮಾಡಿದರು. ಇನ್ನೊಂದು ಗೋವಾದ ಫತೋರ್ಡಾದಲ್ಲಿ. ಲಾಲಿಯಾನ್‌ಜುವಾಲಾ ಛಾಂಗ್ಟೆ ದೂರದಿಂದ ಹೊಡೆದ ಅದ್ಭುತ ಶಾಟ್ ಅದು. ಒಂದು ಎದುರಾಳಿಯ ತಪ್ಪಿನಿಂದ ಬಂದದ್ದು, ಇನ್ನೊಂದು ಒಬ್ಬ ವಿಂಗರ್‌ನ, ಅಂದರೆ ಮುಂದಿನ ಸಾಲಿನಲ್ಲಿ ಮೈದಾನದ ಅಂಚಿನಲ್ಲಿ ಆಡುವವನ, ಪ್ರತಿಭೆಯಿಂದ ಬಂದದ್ದು. ನಾವೇ ಕಟ್ಟಿದ ದಾಳಿಯ ಕೊನೆಯಲ್ಲಿ, ಬಾಕ್ಸ್ ಒಳಗೆ (ಗೋಲಿನ ಮುಂದಿನ ಚೌಕದಲ್ಲಿ) ನಿಂತ ನಮ್ಮ ಸ್ಟ್ರೈಕರ್, ಅಂದರೆ ಮಧ್ಯದಲ್ಲಿ ಇದ್ದು ಗೋಲು ಹೊಡೆಯಬೇಕಾದ ಆಟಗಾರ, ಹೊಡೆದ ಗೋಲು ಒಂದೂ ಇಲ್ಲ.

ಇದು ಒಂದು ಗುಂಪಿನ ಕೆಟ್ಟ ಅದೃಷ್ಟ ಅನ್ನುವ ಹಾಗಿಲ್ಲ. 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಎದುರು ಮೂರು ಪಂದ್ಯ ಆಡಿದೆವು. ಒಂದು ಗೋಲೂ ಬರಲಿಲ್ಲ. ಆ ಇಡೀ ವರ್ಷ ಆಡಿದ 11 ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ, ಒಟ್ಟು ಗೋಲು ನಾಲ್ಕು. ಅದರಲ್ಲಿ ಒಂದು ಪೆನಾಲ್ಟಿ, ಇನ್ನೊಂದು ಕಾರ್ನರ್‌ನಿಂದ ಡಿಫೆಂಡರ್ ರಾಹುಲ್ ಭೇಕೆ ಹೊಡೆದ ಹೆಡರ್. ಕೊನೆಗೆ 2025ರ ಮಾರ್ಚ್‌ನಲ್ಲಿ ನಿವೃತ್ತರಾಗಿದ್ದ 40 ವರ್ಷದ ಸುನಿಲ್ ಛೆಟ್ರಿಯವರನ್ನೇ ವಾಪಸ್ ಕರೆಸಬೇಕಾಯಿತು. ಅವರು ಬಂದರು, ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ತಮ್ಮ 95ನೇ ಗೋಲು ಹೊಡೆದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ 140 ಕೋಟಿ ಜನರ ದೇಶ ಒಬ್ಬ ಮನುಷ್ಯನಿಗೆ ಮತ್ತೆ ಮತ್ತೆ ತೊಂದರೆ ಕೊಡಬೇಕಾ?

ಈ ಪತ್ರವನ್ನು ಮೊದಲು ತಾಂತ್ರಿಕ ಸಮಿತಿಗೆ ಬರೆಯುವುದಕ್ಕೆ ಕಾರಣ ಇದೆ. ಸಮಿತಿಯ ಅಧ್ಯಕ್ಷರಾದ ಐ.ಎಂ. ವಿಜಯನ್ ಅವರೇ ಈ ದೇಶ ಕಂಡ ಅತ್ಯಂತ ಸಹಜ ಸ್ಟ್ರೈಕರ್‌ಗಳಲ್ಲಿ ಒಬ್ಬರು. ತ್ರಿಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರುತ್ತಿದ್ದ ಹುಡುಗ ಭಾರತ ತಂಡದ ನಾಯಕರಾದರು. 1999ರಲ್ಲಿ ಭೂತಾನ್ ಎದುರು ಆಟ ಶುರುವಾದ 12 ಸೆಕೆಂಡಿಗೆ ಗೋಲು ಹೊಡೆದವರು ಅವರು. ಗೋಲಿನ ಮುಂದೆ ನಿಲ್ಲುವುದು ಎಂಥ ಕೆಲಸ, ಅದನ್ನು ಕಲಿಯೋಕೆ ಎಷ್ಟು ವರ್ಷ ಬೇಕು ಅನ್ನುವುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು?

ಗ್ಯಾಲರಿಯಲ್ಲಿ ಕೂತು ನೋಡುವ ನನಗೆ ನಮ್ಮ ದಾಳಿ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಚೆಂಡು ಹಿಂದಿನಿಂದ ವಿಂಗ್‌ಗೆ ಹೋಗುತ್ತದೆ. ಬಲಗಡೆ ಛಾಂಗ್ಟೆ, ಅವರು ಎಡಗಾಲಿನ ಆಟಗಾರ. ಎಡಗಡೆ ಲಿಸ್ಟನ್ ಕೊಲಾಸೊ, ಅವರದ್ದು ಬಲಗಾಲು. ಇಬ್ಬರಿಗೂ ಒಳಗೆ ತಿರುಗಿ ಶಾಟ್ ಹೊಡೆಯುವುದೇ ಇಷ್ಟ. ಅದರಲ್ಲಿ ತಪ್ಪೇನಿಲ್ಲ. ಈಗ ಜಗತ್ತಿನ ಎಷ್ಟೋ ದೊಡ್ಡ ತಂಡಗಳು ಆಡುವುದು ಹೀಗೆಯೇ. ಆದರೆ ಈ ಆಟ ನಡೆಯಬೇಕಾದರೆ ಮಧ್ಯದಲ್ಲಿ ಒಬ್ಬ ಇರಲೇಬೇಕು. ವಿಂಗರ್ ಒಳಗೆ ಬಂದಾಗ ಎದುರಾಳಿಯ ಸೆಂಟರ್‌ಬ್ಯಾಕ್‌ಗೆ, ಅಂದರೆ ಮಧ್ಯದ ಡಿಫೆಂಡರ್‌ಗೆ, ಗೊಂದಲ ಹುಟ್ಟಬೇಕು. ಮುಂದೆ ಹೋಗಿ ಶಾಟ್ ತಡೆಯಲಾ, ಅಥವಾ ನನ್ನ ಬೆನ್ನ ಹಿಂದೆ ಇರುವ ಸ್ಟ್ರೈಕರ್‌ನನ್ನು ಕಾಯಲಾ? ಆ ಅರ್ಧ ಸೆಕೆಂಡಿನ ಗೊಂದಲದಲ್ಲೇ ಗೋಲು ಹುಟ್ಟುತ್ತದೆ.

ನಮ್ಮ ಪಂದ್ಯಗಳಲ್ಲಿ ಆ ಸೆಂಟರ್‌ಬ್ಯಾಕ್‌ಗೆ ಗೊಂದಲವೇ ಇರುವುದಿಲ್ಲ. ಬೆನ್ನ ಹಿಂದೆ ಯಾರೂ ಇಲ್ಲ ಅಂತ ಅವನಿಗೆ ಗೊತ್ತು. ನೆಮ್ಮದಿಯಿಂದ ಎರಡು ಹೆಜ್ಜೆ ಮುಂದೆ ಬಂದು ಕಾಲು ಚಾಚುತ್ತಾನೆ. ಶಾಟ್ ಕಾಲಿಗೆ ಬಡಿದು ವಾಪಸ್ ಬರುತ್ತದೆ. ಆಮೇಲೆ ಚೆಂಡು ನಮ್ಮ ಫುಲ್‌ಬ್ಯಾಕ್‌ಗೆ, ಅಂದರೆ ಅಂಚಿನ ಡಿಫೆಂಡರ್‌ಗೆ. ಅವರು ತಲೆ ಎತ್ತಿ ನೋಡಿ, ಅಂಚಿನಿಂದ ಬಾಕ್ಸ್ ಒಳಕ್ಕೆ ಎತ್ತರದ ಒಂದು ಕ್ರಾಸ್ ಹಾಕುತ್ತಾರೆ. ಅದು ಎದುರಾಳಿಯ ತಲೆಗೇ ಹೋಗುತ್ತದೆ. ಎಲೆ ಹಾಕಿ, ಅನ್ನ ಸಾರು ಬಡಿಸಿ ಆದಮೇಲೆ ಪಂಕ್ತಿಯಲ್ಲಿ ಊಟಕ್ಕೆ ಕೂರುವವರೇ ಇಲ್ಲದ ಹಾಗೆ ಇರುತ್ತದೆ ನಮ್ಮ ದಾಳಿ. ಬಡಿಸುವವರನ್ನು ಬದಲಾಯಿಸಿ ಏನು ಪ್ರಯೋಜನ? ಇಗೊರ್ ಸ್ಟಿಮಾಕ್ ಹೋದರು, ಮನೋಲೊ ಮಾರ್ಕ್ವೆಜ್ ಬಂದು ಹೋದರು, ಈಗ ಜಮೀಲ್ ಸರ್ ಬಂದಿದ್ದಾರೆ. ಮೂವರ ಆಟದ ರೀತಿಯೂ ಬೇರೆ ಬೇರೆ. ಗೋಲಿನ ಬರ ಮಾತ್ರ ಅದೇ.

ಸ್ಟ್ರೈಕರ್ ಅಂದರೆ ಗಟ್ಟಿಯಾಗಿ ಶಾಟ್ ಹೊಡೆಯುವವನು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅವನ ಕೆಲಸದ ಹೆಚ್ಚಿನ ಪಾಲು ನಡೆಯುವುದು ಚೆಂಡು ಬರುವ ಮೊದಲು. ಕಂಠೀರವದಲ್ಲಿ ಛೆಟ್ರಿಯವರನ್ನು ನೋಡುವಾಗ ಚೆಂಡನ್ನು ಬಿಟ್ಟು ಬರೀ ಅವರನ್ನೇ ನೋಡಬೇಕು. ಚೆಂಡು ವಿಂಗ್‌ನಲ್ಲಿ ಇದ್ದಾಗ ಅವರು ನಡೆಯುತ್ತಿರುತ್ತಾರೆ, ಓಡುವುದಿಲ್ಲ. ಡಿಫೆಂಡರ್‌ನ ಹಿಂಬದಿಗೆ, ಅವನ ಕಣ್ಣಿಗೆ ಬೀಳದ ಕಡೆಗೆ ಜಾರುತ್ತಾರೆ. ಅವನು ಒಮ್ಮೆ ಹಿಂತಿರುಗಿ ನೋಡುತ್ತಾನೆ. ಇದ್ದಾರೆ. ಚೆಂಡಿನ ಕಡೆ ಮತ್ತೆ ಕಣ್ಣು ಹಾಕುತ್ತಾನೆ. ಅದೇ ಕ್ಷಣ ಛೆಟ್ರಿ ನಿಯರ್ ಪೋಸ್ಟ್ (ಚೆಂಡಿಗೆ ಹತ್ತಿರದ ಗೋಲ್ ಕಂಬ) ಕಡೆ ಎರಡು ಹೆಜ್ಜೆ ಇಡುತ್ತಾರೆ. ಡಿಫೆಂಡರ್ ಅತ್ತ ವಾಲುತ್ತಾನೆ. ಇವರು ತಟಕ್ಕನೆ ನಿಂತು ಹಿಂದೆ ಸರಿದುಬಿಡುತ್ತಾರೆ. ಕ್ರಾಸ್ ಬಂದಾಗ ಅವರ ಸುತ್ತ ಒಂದು ಗಜ ಖಾಲಿ ಜಾಗ. ಐದು ಅಡಿ ಏಳು ಇಂಚಿನ ಮನುಷ್ಯ ಆರು ಅಡಿಯ ಡಿಫೆಂಡರ್‌ಗಳ ನಡುವೆ ಅಷ್ಟೊಂದು ಹೆಡರ್ ಗೋಲು ಹೊಡೆದದ್ದು ಎತ್ತರಕ್ಕೆ ಹಾರಿ ಅಲ್ಲ, ಆ ಒಂದು ಗಜ ಜಾಗವನ್ನು ಮೊದಲೇ ಸಂಪಾದಿಸಿ.

2023ರ ಜುಲೈ 4ರಂದು ಅದೇ ಕಂಠೀರವದಲ್ಲಿ ನಡೆದ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್ ನೆನಪಿಸಿಕೊಳ್ಳಿ. ಕುವೈತ್ ಒಂದು ಗೋಲು ಮುಂದಿತ್ತು. 38ನೇ ನಿಮಿಷದಲ್ಲಿ ಆಶಿಕ್ ಕುರುಣಿಯನ್ ಬಾಕ್ಸ್ ಅಂಚಿನಲ್ಲಿದ್ದ ಛೆಟ್ರಿಗೆ ಕೊಟ್ಟರು. ಛೆಟ್ರಿ ಚೆಂಡನ್ನು ನಿಲ್ಲಿಸಲೇ ಇಲ್ಲ. ಒಂದೇ ಟಚ್, ಸಹಲ್ ಅಬ್ದುಲ್ ಸಮದ್ ಓಡುತ್ತಿದ್ದ ದಾರಿಗೆ. ಸಹಲ್ ನೆಲಕ್ಕೆ ಅಂಟಿಕೊಂಡಂತೆ ಅಡ್ಡ ಪಾಸ್ ಕೊಟ್ಟರು, ಛಾಂಗ್ಟೆ ಒಳಗೆ ತಳ್ಳಿದರು. ಸ್ಕೋರ್‌ಬೋರ್ಡ್‌ನಲ್ಲಿ ಬಂದದ್ದು ಛಾಂಗ್ಟೆ ಹೆಸರು. ಆದರೆ ಮಧ್ಯದಲ್ಲಿ ಒಬ್ಬ ಸ್ಟ್ರೈಕರ್ ಇದ್ದರೆ ವಿಂಗರ್‌ಗಳ ಆಟ ಎಷ್ಟು ಸಲೀಸಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಅವತ್ತು ಪೆನಾಲ್ಟಿಯಲ್ಲಿ ಗೆದ್ದು ಕಪ್ ಎತ್ತಿದೆವು. ಅದೇ ವರ್ಷ ನವೆಂಬರ್‌ನಲ್ಲಿ ಕುವೈತ್‌ಗೇ ಹೋಗಿ 1-0ರಿಂದ ಗೆದ್ದೆವು. ಅವತ್ತು ಛಾಂಗ್ಟೆ ಕ್ರಾಸ್ ಕೊಟ್ಟರು. ಮನ್ವೀರ್ ಸಿಂಗ್ ಬಾಕ್ಸ್ ಒಳಗೆ ಬಂದು, ಬಂದ ಚೆಂಡನ್ನು ಬಂದ ಹಾಗೇ ಹೊಡೆದರು. ಅಂದರೆ ನಮ್ಮವರಿಗೆ ಇದು ಬರುವುದೇ ಇಲ್ಲ ಅನ್ನುವ ಮಾತು ಸುಳ್ಳು.

ಹಾಗಾದರೆ ಮನ್ವೀರ್ ಯಾಕೆ ನಮ್ಮ ಖಾಯಂ ಸ್ಟ್ರೈಕರ್ ಆಗಲಿಲ್ಲ? ಯಾಕೆಂದರೆ ಕ್ಲಬ್‌ನಲ್ಲಿ ಅವರು ಆಡುವುದು ಬಲ ವಿಂಗ್‌ನಲ್ಲಿ. ರಹೀಮ್ ಅಲಿಯವರದ್ದೂ ಹೆಚ್ಚುಕಮ್ಮಿ ಅದೇ ಕಥೆ. ಸ್ಟ್ರೈಕರ್ ಆಗಿ ಬೆಳೆದವರು, ಕ್ಲಬ್‌ನಲ್ಲಿ ಅಂಚಿಗೆ ಸರಿದವರು. ಅಷ್ಟೇ ಯಾಕೆ, ಬೆಂಗಳೂರು ಎಫ್‌ಸಿ ಮೊದಲ ಸಲ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಆಡಿದ 2017-18ರಲ್ಲಿ ಮಧ್ಯದಲ್ಲಿ ಇದ್ದವರು ವೆನೆಜುವೆಲಾದ ಮಿಕು. ದೇಶದ ನಾಯಕ ಛೆಟ್ರಿ ಎಡ ವಿಂಗ್‌ನಲ್ಲಿದ್ದರು. ಅವರು ಅಲ್ಲಿಂದಲೂ ಬಾಕ್ಸ್‌ಗೆ ನುಗ್ಗಿ 14 ಗೋಲು ಹೊಡೆದರು ಅನ್ನುವುದು ಅವರ ದೊಡ್ಡಸ್ತಿಕೆ. ಅಷ್ಟೊತ್ತಿಗಾಗಲೇ ಅವರು ಬಲಿತ ಸ್ಟ್ರೈಕರ್. 21 ವರ್ಷದ ಹುಡುಗನನ್ನು ಅಂಚಿಗೆ ಕಳಿಸಿದರೆ ಅವನು ಅಂಚಿನವನೇ ಆಗಿಹೋಗುತ್ತಾನೆ.

2014ರಿಂದ 2025ರವರೆಗೆ ಐಎಸ್‌ಎಲ್‌ನ 11 ಸೀಸನ್ ನಡೆದಿವೆ. ಎಲಾನೊ, ಮೆಂಡೋಜಾ, ಮಾರ್ಸೆಲಿನ್ಯೊ, ಕೊರೊ, ವಾಲ್ಸ್ಕಿಸ್, ಅಂಗುಲೊ, ಒಗ್ಬೆಚೆ, ಡಿಯೆಗೊ ಮೌರಿಸಿಯೊ, ದಿಯಾಮಾಂಟಾಕೋಸ್, ಅಜರಾಯಿ. ಸೀಸನ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದವರ ಪಟ್ಟಿ ಇದು. ಕೊರೊ ಎರಡು ಸಲ ಗೆದ್ದರು. ಒಬ್ಬ ಭಾರತೀಯನ ಹೆಸರೂ ಇದರಲ್ಲಿ ಇಲ್ಲ. 2024-25ರಲ್ಲಿ ಅಜರಾಯಿ 23 ಗೋಲು ಹೊಡೆದರು. ಭಾರತೀಯರಲ್ಲಿ ಮೊದಲಿಗರು 14 ಗೋಲು ಹೊಡೆದ ಛೆಟ್ರಿ. ಅವರಿಗೆ ಆಗ 40 ವರ್ಷ. ಇಪ್ಪತ್ತು, ಇಪ್ಪತ್ತೈದು ವಯಸ್ಸಿನ ಹುಡುಗರೆಲ್ಲ ಅವರ ಹಿಂದೆ.

ವಿದೇಶಿ ಆಟಗಾರರ ಮೇಲೆ ನನಗೆ ಸಿಟ್ಟಿಲ್ಲ. ಅವರ ಆಟ ನೋಡಿ ನಾವು ಖುಷಿಪಟ್ಟಿದ್ದೇವೆ, ನಮ್ಮ ಡಿಫೆಂಡರ್‌ಗಳು ಅವರನ್ನು ಎದುರಿಸಿಯೇ ಗಟ್ಟಿಯಾಗಿದ್ದಾರೆ. ಕ್ಲಬ್ ಕೋಚ್‌ಗಳನ್ನೂ ನಾನು ದೂರುವುದಿಲ್ಲ. ಮೈದಾನದಲ್ಲಿ ನಾಲ್ಕು ಜನ ವಿದೇಶಿಯರನ್ನು ಆಡಿಸಬಹುದು ಅಂದರೆ ಅವರನ್ನು ತಂಡದ ಬೆನ್ನೆಲುಬಿನಲ್ಲೇ ನಿಲ್ಲಿಸುತ್ತಾರೆ. ಒಬ್ಬ ಸೆಂಟರ್‌ಬ್ಯಾಕ್, ಒಬ್ಬಿಬ್ಬರು ಮಿಡ್‌ಫೀಲ್ಡರ್, ಒಬ್ಬ ಸ್ಟ್ರೈಕರ್. ನಾಲ್ಕು ಪಂದ್ಯ ಸೋತರೆ ಕೆಲಸ ಹೋಗುವ ಕಡೆ ಕಲಿಯುತ್ತಿರುವ ಹುಡುಗನನ್ನು ಗೋಲಿನ ಮುಂದೆ ನಿಲ್ಲಿಸುವ ಧೈರ್ಯ ಯಾರು ಮಾಡುತ್ತಾರೆ? ಕ್ಲಬ್‌ಗೆ ಇದು ಸರಿಯಾದ ಲೆಕ್ಕ. ದೇಶಕ್ಕೆ ನಷ್ಟದ ಲೆಕ್ಕ. ಆ ಎರಡು ಲೆಕ್ಕಗಳನ್ನು ಹೊಂದಿಸುವ ಕೆಲಸ ನಿಮ್ಮದು.

ಈ ಲೆಕ್ಕ ಎಷ್ಟು ಕೆಳಗಿನವರೆಗೆ ಇಳಿದಿದೆ ಅಂದರೆ, ಬೆಂಗಳೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಹದಿಮೂರು ವರ್ಷದೊಳಗಿನ ಹುಡುಗರ ಪಂದ್ಯ ನೋಡುತ್ತಾ ನಿಂತಿದ್ದೆ. ಸಪೂರ ಹುಡುಗನೊಬ್ಬ ಮಧ್ಯದಲ್ಲಿ ಆಡುತ್ತಿದ್ದ. ಕೀಪರ್ ಕೈಯಿಂದ ಜಾರಿದ ಚೆಂಡು, ಕಂಬಕ್ಕೆ ಬಡಿದು ಬಂದ ಚೆಂಡು, ಎಲ್ಲದರ ಹತ್ತಿರವೂ ಮೊದಲು ಇರುತ್ತಿದ್ದವನು ಅವನೇ. ಅದು ಹೇಳಿಕೊಟ್ಟು ಬರುವ ವಿದ್ಯೆಯಲ್ಲ. ಪಕ್ಕದಲ್ಲಿ ಅವನ ಅಪ್ಪ ಇದ್ದರು. ಒಳ್ಳೆ ಸ್ಟ್ರೈಕರ್ ಆಗ್ತಾನೆ ನಿಮ್ಮ ಮಗ ಅಂದೆ. ಅವರು ತಲೆ ಅಲ್ಲಾಡಿಸಿದರು. "ಇಲ್ಲ ಸರ್, ಮುಂದಿನ ತಿಂಗಳಿಂದ ವಿಂಗ್‌ಗೆ ಹಾಕ್ತಾರಂತೆ. ವಿಂಗರ್ ಆದ್ರೆ ಮುಂದೆ ಯಾವ್ದಾದ್ರೂ ಟೀಮ್ ಸಿಗುತ್ತೆ. ಸ್ಟ್ರೈಕರ್ ಜಾಗದಲ್ಲಿ ಎಲ್ಲಾ ಕಡೆ ಫಾರಿನ್ ಪ್ಲೇಯರ್ಸೇ ಇರ್ತಾರಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಅಪ್ಪ ಹೇಳಿದ್ದು ಸರಿಯೇ. ಮಗನ ಭವಿಷ್ಯ ಯೋಚಿಸುವ ಯಾವ ಅಪ್ಪನಾದರೂ ಹಾಗೇ ಹೇಳುತ್ತಾರೆ.

ಇದೇ ಬೆಂಗಳೂರು ಒಂದು ಕಾಲದಲ್ಲಿ ದೇಶಕ್ಕೆ ಫಾರ್ವರ್ಡ್‌ಗಳನ್ನು ಕೊಟ್ಟ ಊರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. ಈಸ್ಟ್ ಬೆಂಗಾಲ್‌ನ ಫಾರ್ವರ್ಡ್ ಸಾಲಿನ ಐದು ಜನರನ್ನು ಕೋಲ್ಕತ್ತಾದವರು ಪಂಚ ಪಾಂಡವರು ಅಂತಲೇ ಕರೆಯುತ್ತಿದ್ದರು. ಅವರಲ್ಲಿ ಒಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಇಲ್ಲಿಯ ಅರುಮೈನಾಯಗಂ ಇದ್ದರು. ಗೌತಮಪುರದ ಗಲ್ಲಿಗಳಲ್ಲಿ ಇವತ್ತಿಗೂ ಹುಡುಗರು ಚೆಂಡು ಒದೆಯುತ್ತಾರೆ, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿದ್ದಾರೆ. ಆಸೆ ಬತ್ತಿಲ್ಲ.

1962ರ ಆ ಫೈನಲ್ ಬಗ್ಗೆ ಇನ್ನೊಂದು ಮಾತು. ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದಾಗ ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದ್ದು, ಇನ್ನೊಂದು ಜರ್ನೈಲ್ ಸಿಂಗ್ ಅವರದ್ದು. ಜರ್ನೈಲ್ ಡಿಫೆಂಡರ್. ಟೂರ್ನಿಯ ನಡುವೆ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಂಡಿದ್ದರು. ಕೋಚ್ ಸೈಯದ್ ಅಬ್ದುಲ್ ರಹೀಮ್ ಈ ಜರ್ನೈಲ್ ಅವರನ್ನೇ ಸೆಂಟರ್ ಫಾರ್ವರ್ಡ್, ಅಂದರೆ ಸ್ಟ್ರೈಕರ್ ಜಾಗಕ್ಕೆ ಕಳಿಸಿದರು. ಎಲ್ಲರಿಗೂ ಹುಚ್ಚು ಅನ್ನಿಸಬಹುದಾದ ನಿರ್ಧಾರ ಅದು. ಆದರೆ ಗೋಲಿನ ಮುಂದೆ ಒಬ್ಬ ಗಟ್ಟಿ ಆಳು ಇರಲೇಬೇಕು ಅನ್ನುವುದು ರಹೀಮ್ ಸಾಹೇಬರಿಗೆ ಗೊತ್ತಿತ್ತು.

ಜಮೀಲ್ ಸರ್, ಈಗ ನಿಮಗೆ ನೇರವಾಗಿ. 2016-17ರಲ್ಲಿ ಐಜ್ವಾಲ್‌ನಂಥ ಪುಟ್ಟ ಕ್ಲಬ್ಬನ್ನು ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನ ಚಾಂಪಿಯನ್ ಮಾಡಿದವರು ನೀವು. ಇದ್ದ ಆಟಗಾರರಿಂದ ಇದ್ದಷ್ಟನ್ನೂ ತೆಗೆಯುವುದು ನಿಮಗೆ ಬರುತ್ತದೆ. ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ತಜಿಕಿಸ್ತಾನವನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿದಾಗ ನಾವು ಕುಣಿದಿದ್ದೇವೆ. ಆದರೆ ಅವತ್ತು ಗೋಲು ಹೊಡೆದವರು ಯಾರು? ಅನ್ವರ್ ಅಲಿ ಮತ್ತು ಸಂದೇಶ್ ಝಿಂಗನ್. ಇಬ್ಬರೂ ಡಿಫೆಂಡರ್‌ಗಳು. ಉದ್ದದ ಥ್ರೋ, ಕಾರ್ನರ್, ಫ್ರೀಕಿಕ್ ಇವೆಲ್ಲ ಬೇಕು. ಆದರೆ ಅದನ್ನೇ ನಂಬಿಕೊಂಡು ಕೂತರೆ ಢಾಕಾದಲ್ಲಿ ಆದದ್ದೇ ಆಗುತ್ತದೆ.

ನನ್ನ ಮೊದಲ ಕೋರಿಕೆ ಇದು. ಇಬ್ಬರು ಸ್ಟ್ರೈಕರ್‌ಗಳನ್ನು ಆರಿಸಿ, ಅವರಿಗೆ ಸತತವಾಗಿ ಹತ್ತು ಪಂದ್ಯ ಕೊಡಿ. ಸುಹೈಲ್ ಅಹ್ಮದ್ ಭಟ್ ಇರಲಿ, ಇರ್ಫಾನ್ ಯಡವಾಡ್ ಇರಲಿ, ರಹೀಮ್ ಅಲಿ ಇರಲಿ, ಯಾರನ್ನು ಅನ್ನುವುದು ನಿಮಗೆ ಬಿಟ್ಟದ್ದು. ಎರಡು ಪಂದ್ಯದಲ್ಲಿ ಗೋಲು ಬರಲಿಲ್ಲ ಅಂತ ತೆಗೆದುಬಿಡಬೇಡಿ. ಅವಕಾಶ ಕೈಚೆಲ್ಲಿದ ಹುಡುಗನಿಗೆ ಮುಂದಿನ ಪಂದ್ಯದಲ್ಲಿ ಬೆಂಚೇ ಗತಿ ಅಂತ ಗೊತ್ತಾದರೆ ಅವನು ಬಾಕ್ಸ್ ಒಳಗೆ ಜಾಗ ಹುಡುಕುವುದನ್ನೇ ಬಿಡುತ್ತಾನೆ. ತಪ್ಪು ಕಾಣದ ಕಡೆ ಹೋಗಿ ನಿಲ್ಲುತ್ತಾನೆ. ನಮ್ಮ ಎಷ್ಟೋ ಫಾರ್ವರ್ಡ್‌ಗಳು ಈಗ ಮಾಡುತ್ತಿರುವುದು ಇದನ್ನೇ. ಏಷ್ಯನ್ ಕಪ್ ಬಾಗಿಲು ಹೇಗೂ ಮುಚ್ಚಿಹೋಗಿದೆ. ಹಾಗಾಗಿ ಈಗ ಸೋತರೂ ದೊಡ್ಡ ನಷ್ಟವಿಲ್ಲ. ಇಂಥ ಸಮಯ ಮತ್ತೆ ಸಿಗುವುದಿಲ್ಲ.

ಎರಡನೆಯದು, ಒಬ್ಬನನ್ನೇ ಮುಂದೆ ಬಿಡಬೇಡಿ. ಇಬ್ಬರನ್ನು ಜೋಡಿಯಾಗಿ ಆಡಿಸಿ ನೋಡಿ. 2022-23ರಲ್ಲಿ ಬೆಂಗಳೂರು ಎಫ್‌ಸಿಯ ಆಗಿನ ಕೋಚ್ ಸೈಮನ್ ಗ್ರೇಸನ್ ಮಾಡಿದ್ದು ಇದನ್ನೇ. ತಮಿಳುನಾಡಿನ ಹುಡುಗ ಶಿವಶಕ್ತಿ ನಾರಾಯಣನ್ ಅವರನ್ನು ಫಿಜಿಯ ಸ್ಟ್ರೈಕರ್ ರಾಯ್ ಕೃಷ್ಣ ಪಕ್ಕದಲ್ಲಿ ನಿಲ್ಲಿಸಿದರು. ಕೃಷ್ಣ ಡಿಫೆಂಡರ್‌ಗಳ ಜೊತೆ ಗುದ್ದಾಡಿ ಅವರನ್ನು ಎಳೆಯುತ್ತಿದ್ದರು, ಖಾಲಿಯಾದ ಜಾಗಕ್ಕೆ ಶಿವಶಕ್ತಿ ನುಗ್ಗುತ್ತಿದ್ದರು. ಸೀಸನ್ ಅರ್ಧದಲ್ಲಿ ಕೆಳಗೆ ಬಿದ್ದಿದ್ದ ತಂಡ ಸಾಲು ಸಾಲು ಪಂದ್ಯ ಗೆದ್ದು ಫೈನಲ್ ತಲುಪಿತು. ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಶಿವಶಕ್ತಿಗೆ ಬಂತು. ಆ ವರ್ಷ ಛೆಟ್ರಿ ಎಷ್ಟೋ ಪಂದ್ಯಗಳಲ್ಲಿ ಬೆಂಚ್‌ನಲ್ಲಿ ಕೂತರು. ಅಂದರೆ ಇದು ಸಾಧ್ಯ. ಮನಸ್ಸು ಮಾಡಬೇಕು ಅಷ್ಟೇ. ಪಕ್ಕದಲ್ಲಿ ಇನ್ನೊಬ್ಬ ಇದ್ದರೆ ಎಳೆಯ ಸ್ಟ್ರೈಕರ್‌ಗೆ ಎರಡೂ ಸೆಂಟರ್‌ಬ್ಯಾಕ್‌ಗಳ ಹೊರೆ ಬೀಳುವುದಿಲ್ಲ. ಮಿಡ್‌ಫೀಲ್ಡ್‌ನಲ್ಲಿ ಒಬ್ಬ ಕಡಿಮೆಯಾಗುತ್ತಾನೆ ಅನ್ನುವುದು ನಿಜ. ಬಲವಾದ ತಂಡಗಳ ಎದುರು ಬೇಡ. ನಮ್ಮ ಸಮಕ್ಕೆ ಇರುವವರ ಎದುರು, ನಮ್ಮ ಮನೆಯಂಗಳದಲ್ಲಿ ಆಡುವಾಗಲಾದರೂ ಮಾಡಬಹುದಲ್ವಾ?

ಹಾಗೇ ಆ ಎತ್ತರದ ಕ್ರಾಸ್‌ಗಳನ್ನು ದಯವಿಟ್ಟು ಕಡಿಮೆ ಮಾಡಿಸಿ. ನಮ್ಮ ಫಾರ್ವರ್ಡ್‌ಗಳಲ್ಲಿ ಎತ್ತರದವರು ಕಡಿಮೆ, ಚುರುಕಿನವರು ಜಾಸ್ತಿ. ಗೋಲ್‌ಲೈನ್ ತನಕ ಹೋಗಿ ಹಿಂದಕ್ಕೆ ನೆಲದ ಮೇಲೆ ಕೊಡುವ ಕಟ್‌ಬ್ಯಾಕ್ ಇಂಥವರಿಗೆ ಸರಿಹೊಂದುತ್ತದೆ. ಗೋಲಿನ ಕಡೆ ಓಡುತ್ತಿರುವ ಡಿಫೆಂಡರ್ ತಿರುಗುವಷ್ಟರಲ್ಲಿ ಚೆಂಡು ಪೆನಾಲ್ಟಿ ಸ್ಪಾಟ್ ಹತ್ತಿರ ಇರುತ್ತದೆ. ಸಹಲ್ ಕೊಟ್ಟ ಪಾಸ್‌ನಂಥದ್ದು. ಅದಕ್ಕೆ ಇಬ್ಬರು ವಿಂಗರ್‌ಗಳಲ್ಲಿ ಒಬ್ಬನಾದರೂ ತನ್ನ ಸಹಜ ಕಾಲಿನ ಕಡೆ ಆಡಬೇಕಾಗುತ್ತದೆ. ಕುವೈತ್‌ನಲ್ಲಿ ಛಾಂಗ್ಟೆ ಆ ಕ್ರಾಸ್ ಕೊಟ್ಟದ್ದು ಎಡಗಡೆಯಿಂದ ಅನ್ನುವುದನ್ನು ನೆನಪಿಸುತ್ತೇನೆ.

ತಾಂತ್ರಿಕ ಸಮಿತಿಗೆ ನನ್ನ ಕೋರಿಕೆ ಇನ್ನೂ ದೊಡ್ಡದು. ವಿದೇಶಿಯರು ಇಲ್ಲದ ಕಡೆ ನಮ್ಮ ಸ್ಟ್ರೈಕರ್‌ಗಳು ಹುಟ್ಟುತ್ತಾರೆ ಅನ್ನುವುದಕ್ಕೆ ನಿಮ್ಮ ಕಡತದಲ್ಲೇ ಸಾಕ್ಷಿ ಇದೆ. 2010ರಲ್ಲಿ ನೀವೇ ಕಟ್ಟಿದ ಆರೋಸ್ ತಂಡದಲ್ಲಿ ಎಲ್ಲರೂ ಭಾರತದ ಹುಡುಗರೇ. ಅಲ್ಲಿ ಮಧ್ಯದಲ್ಲಿ ಆಡಿ ಬೆಳೆದವರು ಜೇಜೇ ಲಾಲ್ಪೆಖ್ಲುವಾ. ಛೆಟ್ರಿ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ದೇಶಕ್ಕೆ 23 ಗೋಲು ಹೊಡೆದರು. 2017ರಲ್ಲಿ ಮತ್ತೆ ಶುರುವಾದ ಅದೇ ಆರೋಸ್‌ನಿಂದ ಬಂದವರು ರಹೀಮ್ ಅಲಿ. 2022ರಲ್ಲಿ ಅದನ್ನು ಮುಚ್ಚಿದಿರಿ. ಖರ್ಚು ಜಾಸ್ತಿ ಆಗಿರಬಹುದು, ಒಪ್ಪುತ್ತೇನೆ. ಆದರೆ ಅದರ ಜಾಗದಲ್ಲಿ ಏನು ತಂದಿರಿ? ಇನ್ನು ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ನೋಡಿ. ಅಲ್ಲಿ ವಿದೇಶಿಯರಿಲ್ಲ. 2024-25ರಲ್ಲಿ ಬಂಗಾಳದ ರಾಬಿ ಹನ್ಸ್ದಾ ಒಂದೇ ಟೂರ್ನಿಯಲ್ಲಿ 12 ಗೋಲು ಹೊಡೆದರು, ಫೈನಲ್‌ನಲ್ಲಿ ಕೇರಳದ ಎದುರು ಬಂದ ಒಂದೇ ಗೋಲೂ ಅವರದ್ದೇ. 2023ರಲ್ಲಿ ನಮ್ಮ ಕರ್ನಾಟಕ 54 ವರ್ಷಗಳ ನಂತರ ಕಪ್ ಗೆದ್ದಾಗ ರಿಯಾದ್‌ನ ಫೈನಲ್‌ನಲ್ಲಿ ಮೇಘಾಲಯದ ಎದುರು ಮೂರು ಗೋಲು ಹೊಡೆದದ್ದು ಮೂರು ಬೇರೆ ಬೇರೆ ಹುಡುಗರು. ಆ ಮಟ್ಟ ಬೇರೆ, ಅಂತರರಾಷ್ಟ್ರೀಯ ಮಟ್ಟ ಬೇರೆ, ಗೊತ್ತಿದೆ. ಆದರೆ ಅಲ್ಲಿಂದ ಇಲ್ಲಿಗೆ ಬರುವ ನಡುವಿನ ಮೆಟ್ಟಿಲು ಎಲ್ಲಿ?

ಆರೋಸ್‌ನಂಥ ಒಂದು ತಂಡವನ್ನು ಮತ್ತೆ ಶುರು ಮಾಡಿ. 23 ವರ್ಷದೊಳಗಿನ ನಮ್ಮ ಸ್ಟ್ರೈಕರ್‌ಗಳು ವಾರವಾರವೂ ಗೋಲಿನ ಮುಂದೆ ನಿಂತು 90 ನಿಮಿಷ ಆಡುವ ಒಂದು ಜಾಗ ಬೇಕು.

ಕ್ಲಬ್‌ಗಳ ಮೇಲೆ ಸುಮ್ನೆ ಒಂದು ಕಡ್ಡಾಯ ನಿಯಮ ಹೇರಿದರೆ ಆಗುವುದಿಲ್ಲ. ಚೀನಾದಲ್ಲಿ 2017ರಲ್ಲಿ 23ರೊಳಗಿನ ಒಬ್ಬ ಆಟಗಾರ ಮೊದಲ ಹನ್ನೊಂದರಲ್ಲಿ ಇರಲೇಬೇಕು ಅಂತ ನಿಯಮ ಮಾಡಿದರು. ಕ್ಲಬ್‌ಗಳು ಹುಡುಗನನ್ನು ಇಳಿಸಿ, ಸ್ವಲ್ಪ ಹೊತ್ತಿನಲ್ಲೇ ಹೊರಗೆ ಕರೆದುಕೊಂಡವು. ಹುಡುಗನಿಗೂ ಅವಮಾನ, ದೇಶಕ್ಕೂ ಉಪಯೋಗವಿಲ್ಲ. ಅದಕ್ಕಿಂತ ಆಡಿದ ನಿಮಿಷಗಳನ್ನು ಎಣಿಸಿ. ಭಾರತದ ಎಳೆಯ ಆಟಗಾರನೊಬ್ಬ ಸೆಂಟರ್ ಫಾರ್ವರ್ಡ್ ಆಗಿ ಇಷ್ಟು ನಿಮಿಷ ಆಡಿದರೆ ಆ ಕ್ಲಬ್‌ಗೆ ಇಷ್ಟು ಹಣ ಅಂತ ಲೀಗ್‌ನ ಆದಾಯದಿಂದ ಕೊಡಿ. ಯಾರು ಮೈದಾನದ ಯಾವ ಭಾಗದಲ್ಲಿ ಆಡಿದರು ಅನ್ನುವ ಮಾಹಿತಿ ಪ್ರತಿ ಪಂದ್ಯಕ್ಕೂ ಇದ್ದೇ ಇರುತ್ತದೆ. ಕ್ಲಬ್‌ಗೆ ಅದು ಶಿಕ್ಷೆಯ ಹಾಗೆ ಕಾಣಬಾರದು, ಲಾಭದ ಹಾಗೆ ಕಾಣಬೇಕು. ಆಗ ಕೋಚ್‌ಗೂ ಧೈರ್ಯ ಬರುತ್ತದೆ.

ಇದೆಲ್ಲಕ್ಕೂ ಮೊದಲು ಲೀಗ್ ಸಮಯಕ್ಕೆ ನಡೆಯಬೇಕು. 2025ರಲ್ಲಿ ಲೀಗ್ ನಡೆಸುವ ಒಪ್ಪಂದದ ಜಗಳದಲ್ಲಿ ಸೆಪ್ಟೆಂಬರ್ ಕಳೆಯಿತು, ಐಎಸ್‌ಎಲ್ ಶುರುವಾಗಲೇ ಇಲ್ಲ. ಪಂದ್ಯವೇ ಇಲ್ಲದೆ ತಿಂಗಳುಗಟ್ಟಲೆ ಕಳೆದ ಸ್ಟ್ರೈಕರ್‌ನಿಂದ ನವೆಂಬರ್‌ನಲ್ಲಿ ಢಾಕಾದಲ್ಲಿ ಗೋಲು ಕೇಳುವುದು ನ್ಯಾಯವಲ್ಲ. ಡಿಫೆಂಡರ್ ಹೇಗೋ ಅನುಭವದ ಮೇಲೆ ದಿನ ತಳ್ಳಬಹುದು. ಸ್ಟ್ರೈಕರ್‌ಗೆ ಪಂದ್ಯಗಳೇ ಬೇಕು. ಅಭ್ಯಾಸದಲ್ಲಿ ನೂರು ಶಾಟ್ ಹೊಡೆದರೂ, ನಿಜವಾದ ಡಿಫೆಂಡರ್‌ನ ಮೊಣಕೈ ಬೆನ್ನಿಗೆ ತಾಗುತ್ತಿರುವಾಗ ಹೊಡೆಯುವ ಒಂದು ಶಾಟ್ ಕಲಿಸುವಷ್ಟು ಅದು ಕಲಿಸುವುದಿಲ್ಲ.

ವಿದೇಶದಲ್ಲಿ ಇರುವ ಭಾರತ ಮೂಲದವರನ್ನು ಕರೆತರುವ ಮಾತೂ ನಡೆದಿದೆ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತೀಯರಾದರು. ಅದು ಸಣ್ಣ ತ್ಯಾಗ ಅಲ್ಲ, ಅವರನ್ನು ಎರಡೂ ಕೈಯಿಂದ ಸ್ವಾಗತಿಸುತ್ತೇನೆ. ಇನ್ನೂ ನಾಲ್ಕು ಜನ ಬಂದರೆ ಬರಲಿ. ಆದರೆ ಅವರ ಹಿಂದೆ ನಮ್ಮ ನೆಲದಲ್ಲಿ ಬೆಳೆದ ಹತ್ತು ಹುಡುಗರು ಸಾಲಿನಲ್ಲಿ ಇರದಿದ್ದರೆ, ಐದು ವರ್ಷ ಆದಮೇಲೆ ಇದೇ ಪತ್ರವನ್ನು ಮತ್ತೊಬ್ಬರು ನಿಮಗೆ ಬರೆಯುತ್ತಾರೆ. ಸಿಂಗಪುರದ ಕಡೆ ನೋಡಿ. ಇಡೀ ದೇಶ ಸೇರಿದರೂ ನಮ್ಮ ಬೆಂಗಳೂರಿನಷ್ಟು ಜನರಿಲ್ಲ. ಅವರ ಹತ್ತಿರ ಇಖ್ಸಾನ್ ಫಾಂದಿ ಅನ್ನುವ ಅಪ್ಪಟ ಸ್ಟ್ರೈಕರ್ ಇದ್ದಾರೆ. ಸಿಂಗಪುರದಲ್ಲಿ ನಡೆದ ಪಂದ್ಯದಲ್ಲಿ ನಮ್ಮ ಮೇಲೆ ಗೋಲು ಹೊಡೆದವರು ಅವರೇ. ಅವರ ತಂಡ ಏಷ್ಯನ್ ಕಪ್‌ಗೆ ಹೋಗುತ್ತಿದೆ.

ಕೊನೆಯದಾಗಿ ಒಂದು ಸಣ್ಣ ಕೆಲಸ ಕೇಳುತ್ತೇನೆ. ಇದಕ್ಕೆ ಹಣವೂ ಬೇಡ, ಹೊಸ ನಿಯಮವೂ ಬೇಡ. ಪ್ರತಿ ತಿಂಗಳ ಕೊನೆಗೆ ಒಂದು ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿ. ಐಎಸ್‌ಎಲ್ ಮತ್ತು ಅದರ ಕೆಳಗಿನ ಲೀಗ್‌ನ ಪ್ರತಿ ಕ್ಲಬ್‌ನಲ್ಲಿ ಭಾರತದ ಯಾವ ಆಟಗಾರ ಸೆಂಟರ್ ಫಾರ್ವರ್ಡ್ ಆಗಿ ಎಷ್ಟು ನಿಮಿಷ ಆಡಿದ, ಅವನ ವಯಸ್ಸೆಷ್ಟು, ಎಷ್ಟು ಗೋಲು ಹೊಡೆದ. ಅಷ್ಟೇ. ಕ್ಲಬ್‌ಗಳು ಅದನ್ನು ನೋಡಲಿ, ಅಭಿಮಾನಿಗಳು ನೋಡಲಿ, ಮಗನನ್ನು ವಿಂಗ್‌ಗೆ ಕಳಿಸಬೇಕಾ ಬೇಡವಾ ಅಂತ ಯೋಚಿಸುತ್ತಿರುವ ಅಪ್ಪಂದಿರೂ ನೋಡಲಿ. ಮೊದಲ ಪಟ್ಟಿ ಚಿಕ್ಕದಾಗಿಯೇ ಇರುತ್ತದೆ. ಆದರೂ ಪ್ರಕಟಿಸಿ. ಮುಂದಿನ ತಿಂಗಳಿಂದಲೇ ಶುರು ಮಾಡಬಹುದು.

ಉತ್ತರದ ನಿರೀಕ್ಷೆಯಲ್ಲಿ,

ಬೆಂಗಳೂರಿನ ಒಬ್ಬ ಫುಟ್ಬಾಲ್ ಅಭಿಮಾನಿ